ನಿಮಗಿದು ಗೊತ್ತೇ? ಹಾಡಿಗೆ ಹಣೆಪಟ್ಟಿ ಬರೆದವರು ಯಾರು?

ಕ್ಯಾಸೆಟ್ ಅಂಗಡಿಗಳ ಕಾಲ ನೆನಪಿದೆಯೇ? ಚಿತ್ರಗೀತೆಗೆ ಒಂದು ಸಾಲು, ಭಕ್ತಿಗೀತೆಗೆ ಇನ್ನೊಂದು, ಭಾವಗೀತೆ ಮತ್ತು ಜನಪದಕ್ಕೆ ಪಕ್ಕದ ಗೂಡು. ಯಾವ ಹಾಡು ಎಲ್ಲಿ ಕೂರಬೇಕೆಂದು ಅಂಗಡಿಯವರೇ ತೀರ್ಮಾನಿಸುತ್ತಿದ್ದರು. ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಆ ಅಧಿಕಾರ ಮೊದಲು ಕಲಾವಿದರ ಮತ್ತು ಕೇಳುಗರ ಕೈಗೆ ಬಂತು, ಬಳಿಕ ಯಂತ್ರದ ಪಾಲಾಯಿತು. ಇಪ್ಪತ್ತು ಚಿಲ್ಲರೆ ವರ್ಷಗಳ ಈ ಪಯಣದಲ್ಲಿ ಹುಟ್ಟಿದ, ಸತ್ತ, ಮತ್ತೆ ಎದ್ದುಬಂದ ಹೆಸರುಗಳ ಕತೆ ಇಲ್ಲಿದೆ.

ಗೂಡುಗಳ ಕಾಲ

• ಎಂಪಿ3 ಕಡತದ ಬಾಲದಲ್ಲಿ ಹಾಡಿನ ವಿವರ ಅಡಗಿಸಿಡುವ 'ಐಡಿ3' ಪದ್ಧತಿಯನ್ನು 1996ರಲ್ಲಿ ರೂಪಿಸಿದವರು ಎರಿಕ್ ಕೆಂಪ್. ಇಡೀ ವಿವರಕ್ಕೆ ಸಿಕ್ಕ ಜಾಗ 128 ಬೈಟ್. ಅದರಲ್ಲಿ ಹಾಡಿನ ಹೆಸರಿಗೆ 30, ಸಂಗೀತ ಪ್ರಕಾರಕ್ಕೆ ಕೇವಲ 1.

• ಆ ಒಂದು ಬೈಟಿನಲ್ಲಿ ಹೆಸರು ಬರೆಯಲಾಗದು, ಸಂಖ್ಯೆ ಬರೆಯಬಹುದು. ಹಾಗಾಗಿ 0ಯಿಂದ 79ರವರೆಗೆ 80 ಪ್ರಕಾರಗಳ ಪಟ್ಟಿ ಸಿದ್ಧವಾಯಿತು. 0 ಎಂದರೆ ಬ್ಲೂಸ್, 13 ಪಾಪ್, 17 ರಾಕ್. ಯುರೋಪಿನ ಪೋಲ್ಕಾ ಕುಣಿತಕ್ಕೂ 75ನೇ ಸಂಖ್ಯೆ ದಕ್ಕಿತ್ತು. ಜಾನಪದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ! 'ವಿನ್ಆಂಪ್' ತಂತ್ರಾಂಶದವರು ಪಟ್ಟಿಯನ್ನು ಬೆಳೆಸಿದಾಗಲಷ್ಟೇ ಅದು 80ನೇ ಸಂಖ್ಯೆಯಾಗಿ ಒಳಗೆ ಬಂತು.

• ಸಿ.ಡಿ.ಯನ್ನು ಗಣಕಕ್ಕೆ ಹಾಕಿದ ಕೂಡಲೇ ಹಾಡುಗಳ ಹೆಸರು ತೋರಿಸುತ್ತಿದ್ದ 'ಫ್ರೀಡಿಬಿ' ಕೋಶದಲ್ಲಿ ಇದ್ದದ್ದು 11 ವಿಭಾಗ ಮಾತ್ರ. ಜಗತ್ತಿನ ಸಂಗೀತವೆಲ್ಲ ಆ ಹನ್ನೊಂದರಲ್ಲೇ ತೂರಿಕೊಳ್ಳಬೇಕಿತ್ತು.

• 'ವರ್ಲ್ಡ್ ಮ್ಯೂಸಿಕ್' ಎಂಬ ವ್ಯಾಪಾರಿ ಹಣೆಪಟ್ಟಿ ನಿಶ್ಚಯವಾದದ್ದು ಲಂಡನ್ನಿನ ಒಂದು ಪಬ್ಬಿನಲ್ಲಿ. 1987ರ ಜೂನ್ 29ರಂದು ಇಸ್ಲಿಂಗ್ಟನ್ನಿನ 'ಎಂಪ್ರೆಸ್ ಆಫ್ ರಷ್ಯಾ'ದಲ್ಲಿ ಸಣ್ಣ ಸಣ್ಣ ಧ್ವನಿಮುದ್ರಿಕೆ ಕಂಪನಿಗಳವರು ಸೇರಿದ್ದರು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ತಟ್ಟೆಗಳನ್ನು ಯಾವ ಗೂಡಿನಲ್ಲಿ ಇಡಬೇಕೆಂದು ಅಂಗಡಿಗಳಿಗೆ ತಿಳಿಯದೆ ಮಾರಾಟ ಸೊರಗುತ್ತಿತ್ತು. ಅದಕ್ಕೆ ಪರಿಹಾರವಾಗಿ ಎಲ್ಲಕ್ಕೂ ಒಂದೇ ಹೆಸರು ಬಂತು. ಭೂಮಿಯ ಮುಕ್ಕಾಲು ಪಾಲು ಸಂಗೀತ ಒಂದೇ ಗೂಡಿಗೆ ಬಿತ್ತು.

ಕಲಾವಿದರ ಕೈಗೆ ಪೆನ್ನು

• 2003ರಲ್ಲಿ ಆರಂಭವಾದ 'ಮೈಸ್ಪೇಸ್' ತಾಣದಲ್ಲಿ ಸಂಗೀತ ತಂಡಗಳು ತಮ್ಮ ಪುಟಕ್ಕೆ ತಾವೇ ಪ್ರಕಾರ ಆಯ್ದುಕೊಳ್ಳಬಹುದಿತ್ತು. ಮಿತಿ ಮೂರು. ಒಂದೇ ಗೂಡಿನಲ್ಲಿ ಕೂರುವ ಕಟ್ಟುಪಾಡು ಸಡಿಲವಾದದ್ದು ಹೀಗೆ. ಒಂದು ತಂಡ ಏಕಕಾಲಕ್ಕೆ ಜಾಝ್, ಪಂಕ್ ಮತ್ತು ಜಾನಪದ ಎಂದು ಹೇಳಿಕೊಳ್ಳುವುದು ಮಾಮೂಲಿಯಾಯಿತು.

• ಆ ಮೈಸ್ಪೇಸ್ ಹಾಡುಗಳೆಲ್ಲ ಎಲ್ಲಿ ಹೋದವು? 2003ರಿಂದ 2015ರವರೆಗೆ ಜನ ಏರಿಸಿದ್ದ ಸಂಗೀತವನ್ನು ಸರ್ವರ್ ಬದಲಾವಣೆಯ ವೇಳೆ ಕಳೆದುಕೊಂಡದ್ದಾಗಿ 2019ರಲ್ಲಿ ಸುದ್ದಿಯಾಯಿತು. ವರದಿಗಳ ಪ್ರಕಾರ 1.4 ಕೋಟಿ ಕಲಾವಿದರ ಸುಮಾರು 5 ಕೋಟಿ ಹಾಡುಗಳು ಕಾಣೆಯಾದವು. 'ಇಂಟರ್ನೆಟ್ ಆರ್ಕೈವ್' ಮೂಲಕ ಮರಳಿ ಸಿಕ್ಕಿದ್ದು ಸುಮಾರು 4.9 ಲಕ್ಷ ಮಾತ್ರ. ಕೆಲವು ಪ್ರಕಾರಗಳ ಹೆಸರು ಉಳಿಯಿತು, ಹಾಡುಗಳೇ ಉಳಿಯಲಿಲ್ಲ.

• ಬ್ರಿಟನ್ನಿನ 'ಲಾಸ್ಟ್ ಎಫ್ಎಂ' ತಾಣ 2005ರಲ್ಲಿ ಕೇಳುಗರ ಕೈಗೇ ಪೆನ್ನು ಕೊಟ್ಟಿತು. ಯಾವ ಹಾಡಿಗೆ ಯಾವ ಪದವನ್ನಾದರೂ ಅಂಟಿಸಬಹುದು! ಅಲ್ಲಿ ಅತ್ಯಂತ ಜನಪ್ರಿಯವಾದ ಹಣೆಪಟ್ಟಿಗಳಲ್ಲಿ ಒಂದು 'ಸೀನ್ ಲೈವ್'. ಅಂದರೆ 'ಕಣ್ಣಾರೆ ಕಂಡಿದ್ದೇನೆ'. ಹಾಡಿನ ಗುಣಕ್ಕಿಂತ ಹಾಡಿನೊಂದಿಗಿನ ತಮ್ಮ ನಂಟನ್ನು ಜನ ಮೊದಲು ಬರೆದರು.

• ಅದೇ ವರ್ಷ ಅಮೆರಿಕದಲ್ಲಿ ಆರಂಭವಾದ 'ಪಂಡೋರ' ಇನ್ನೊಂದು ದಾರಿ ಹಿಡಿಯಿತು. ಸಂಗೀತ ಬಲ್ಲವರನ್ನು ಕೂರಿಸಿ, ಪ್ರತಿ ಹಾಡನ್ನೂ ಗರಿಷ್ಠ 450 ಲಕ್ಷಣಗಳ ಪಟ್ಟಿ ಹಿಡಿದು ಕೇಳಿಸಿತು. ಕಂಠದ ಬಗೆ, ಲಯದ ನಡೆ, ವಾದ್ಯದ ನಾದ, ಎಲ್ಲಕ್ಕೂ ಅಂಕ. ಟಿಮ್ ವೆಸ್ಟರ್‌ಗ್ರೆನ್ ಮತ್ತು ಸಂಗಡಿಗರ ಈ ಯೋಜನೆಗೆ 'ಮ್ಯೂಸಿಕ್ ಜೀನೋಮ್' ಎಂದು ಹೆಸರು.

• ಬೆಂಗಳೂರಿನ ರ‍್ಯಾಪ್ ಕತೆ 'ಆರ್ಕುಟ್' ಇಲ್ಲದೆ ಪೂರ್ಣವಾಗದು. 2004ರಲ್ಲಿ ಹುಟ್ಟಿದ ಆ ತಾಣದ ಒಂದು ಬಳಗದಲ್ಲಿ ದೇಶದ ಹುಡುಗರು ರ‍್ಯಾಪ್ ಜಗಳಬಂದಿ ನಡೆಸುತ್ತಿದ್ದರು. ಬೆಂಗಳೂರಿನ ಬ್ರೋಧಾ ವಿ ಪಳಗಿದ್ದು ಅಲ್ಲೇ. ಅಲ್ಲಿ ಸಿಕ್ಕ ಗೆಳೆಯರೊಂದಿಗೆ ಕಟ್ಟಿದ ತಂಡಕ್ಕೆ ಇಟ್ಟ ಹೆಸರು 'ಮಚ್ಚಾಸ್ ವಿತ್ ಆಟಿಟ್ಯೂಡ್'. ಹಿಪ್‌ಹಾಪ್ ಅಮೆರಿಕದ್ದು, 'ಮಚ್ಚಾ' ಮಾತ್ರ ನಮ್ಮ ಬೀದಿಯದು. ಆರ್ಕುಟ್ 2014ರಲ್ಲಿ ಮುಚ್ಚಿತು.

• ಹಣೆಪಟ್ಟಿ ಪ್ರಾಣಕ್ಕೂ ಕುತ್ತಾಗಬಹುದು. ಮೈಸ್ಪೇಸ್ ಕಾಲದಲ್ಲಿ 'ಇಮೋ' ಎಂಬುದು ಹಾಡಿನ ಹೆಸರಾಗಿದ್ದಂತೆ ಉಡುಪಿನ, ಕೇಶವಿನ್ಯಾಸದ ಹೆಸರೂ ಆಗಿತ್ತು. 2008ರ ಮಾರ್ಚ್‌ನಲ್ಲಿ ಮೆಕ್ಸಿಕೋದ ಕೆರೆತಾರೊ ನಗರದಲ್ಲಿ ಗುಂಪೊಂದು ಇಮೋ ಹುಡುಗರನ್ನು ಹುಡುಕಿ ಹೊಡೆಯಿತು. ಹಣೆಯ ಮೇಲೆ ಕೂದಲು ಇಳಿಬಿಟ್ಟದ್ದಷ್ಟೇ ಆ ಮಕ್ಕಳ ಗುರುತು.

• 'ಯಾಟ್ ರಾಕ್' ಎಂಬ ಹೆಸರು ಹಾಡುಗಳಿಗಿಂತ ಸುಮಾರು ಕಾಲು ಶತಮಾನ ಕಿರಿಯದು. ಮೈಕೆಲ್ ಮ್ಯಾಕ್‌ಡೊನಾಲ್ಡ್, ಕ್ರಿಸ್ಟೋಫರ್ ಕ್ರಾಸ್ ಮುಂತಾದವರು ಎಪ್ಪತ್ತು-ಎಂಬತ್ತರ ದಶಕದಲ್ಲಿ ಹಾಡಿದ ನುಣುಪಾದ ಗೀತೆಗಳಿಗೆ 2005ರ ಒಂದು ಅಂತರ್ಜಾಲ ಸರಣಿ ಈ ಹೆಸರಿಟ್ಟಿತು. ಇಂದು ಆ ಹೆಸರಿನ ರೇಡಿಯೋ ವಾಹಿನಿಯೇ ಇದೆ.

ಒಂದು ಟ್ವೀಟ್, ಒಂದು ಪ್ರಕಾರ

• 'ಚಿಲ್‌ವೇವ್' ಎಂಬ ಪದವನ್ನು 2009ರಲ್ಲಿ ಹುಟ್ಟಿಸಿದ್ದು ವಿಡಂಬನೆಗೆ ಹೆಸರಾದ 'ಹಿಪ್‌ಸ್ಟರ್ ರನಾಫ್' ಬ್ಲಾಗ್. ತಮಾಷೆಗೆ ಇಟ್ಟ ಹೆಸರು ಕೆಲವೇ ತಿಂಗಳಲ್ಲಿ ಪತ್ರಿಕೆಗಳ ಸಂಗೀತ ಪುಟ ಸೇರಿತು. 'ವಾಷ್ಡ್ ಔಟ್', 'ನಿಯಾನ್ ಇಂಡಿಯನ್' ತಂಡಗಳನ್ನು ಈಗಲೂ ಅದೇ ಹೆಸರಿನಿಂದ ಗುರುತಿಸುತ್ತಾರೆ.

• 'ವಿಚ್ ಹೌಸ್' ಕತೆಯೂ ಹೀಗೇ. 2009ರಲ್ಲಿ ಡೆನ್ವರ್ ನಗರದ ಕಲಾವಿದ ಟ್ರಾವಿಸ್ ಎಜಿಡಿ ಗೆಳೆಯರ ನಡುವೆ ನಗೆಗಾಗಿ ಆಡಿದ ಮಾತದು. ಪತ್ರಿಕೆಯವರ ಮುಂದೆ ಬಾಯಿಬಿಟ್ಟದ್ದೇ ತಡ, ಅಂತರ್ಜಾಲದಲ್ಲಿ ಹಣೆಪಟ್ಟಿ ಸಿದ್ಧವಾಯಿತು. ಅದಕ್ಕೆ ತಕ್ಕ ಸಂಗೀತ ಕಟ್ಟುವವರು ಆಮೇಲೆ ಬಂದರು!

• 2011ರಲ್ಲಿ ಒಬ್ಬ ಡಿಜೆ ತಾನು ಕನಸಿನಲ್ಲಿ ಕಂಡ ಚರ್ಮದ ಜಾಕೆಟ್ಟಿನ ಬಗ್ಗೆ ಟ್ವೀಟ್ ಮಾಡಿದರು. ಅದರಲ್ಲಿದ್ದ ಪದ 'ಸೀಪಂಕ್'. ಟ್ವಿಟರ್, ಟಂಬ್ಲರ್ ಬಳಗಗಳು ಅದನ್ನು ಎತ್ತಿಕೊಂಡು ಸಮುದ್ರನೀಲಿ ಕೂದಲು, ಡಾಲ್ಫಿನ್ ಚಿತ್ರಗಳ ಒಂದು ಲೋಕವನ್ನೇ ಕಟ್ಟಿದವು. 2012ರ ನವೆಂಬರಿನಲ್ಲಿ ರಿಯಾನಾ ಅಮೆರಿಕದ ದೂರದರ್ಶನದಲ್ಲಿ ಅದೇ ಬಗೆಯ ಹಿನ್ನೆಲೆ ಇಟ್ಟು ಹಾಡಿದರು. ಟ್ವೀಟಿನಿಂದ ಟಿ.ವಿ.ಗೆ ಬರಲು ಹಿಡಿದದ್ದು ಒಂದೂವರೆ ವರ್ಷಕ್ಕೂ ಕಡಿಮೆ.

• 'ವೇಪರ್‌ವೇವ್' ಹೆಸರಿನ ಮೂಲ ತಂತ್ರಾಂಶ ಲೋಕದ್ದು. ಪ್ರಕಟಣೆ ಹೊರಟರೂ ಕೊನೆಗೂ ಬಾರದ ತಂತ್ರಾಂಶವನ್ನು 'ವೇಪರ್‌ವೇರ್' ಎನ್ನುತ್ತಾರೆ. ಹಳೆಯ ಜಾಹೀರಾತು, ಲಿಫ್ಟ್ ಸಂಗೀತಗಳನ್ನು ನಿಧಾನಗೊಳಿಸಿ ಹೆಣೆದ ಈ ಪ್ರಕಾರದ ಹೆಗ್ಗುರುತು, 'ಮ್ಯಾಕಿಂಟಾಷ್ ಪ್ಲಸ್' ಹೆಸರಿನಲ್ಲಿ 2011ರ ಡಿಸೆಂಬರಿನಲ್ಲಿ ಬಂದ 'ಫ್ಲೋರಲ್ ಷಾಪ್'.

• ತಾಣದ ಹೆಸರೇ ಸಂಗೀತದ ಹೆಸರಾದ ಉದಾಹರಣೆ 'ಸೌಂಡ್‌ಕ್ಲೌಡ್ ರ‍್ಯಾಪ್'. ಸೌಂಡ್‌ಕ್ಲೌಡ್ ಬೆಳೆದದ್ದು ಬರ್ಲಿನ್ನಿನಲ್ಲಿ, ಅದರ ಹೆಸರು ಹೊತ್ತ ರ‍್ಯಾಪ್ ಬೆಳೆದದ್ದು ಅಮೆರಿಕದ ಹದಿಹರೆಯದವರ ಕೋಣೆಗಳಲ್ಲಿ. 'ಕ್ಯಾಸೆಟ್ ಕಾಲದ ಹಾಡು' ಎನ್ನುತ್ತಿದ್ದೆವಲ್ಲ, ಹಾಗೆ ಸಾಗಿಸಿದ ಗಾಡಿಯ ಹೆಸರೇ ಸರಕಿಗೆ ಬಂತು.

• 2008ರಲ್ಲಿ ಆರಂಭವಾದ 'ಬ್ಯಾಂಡ್‌ಕ್ಯಾಂಪ್' ತಾಣದಲ್ಲಿ ಕಲಾವಿದರು ಪ್ರಕಾರದ ಜೊತೆಗೆ ಊರಿನ ಹೆಸರನ್ನೂ ಹಣೆಪಟ್ಟಿಯಾಗಿ ಹಾಕುತ್ತಾರೆ. ಬೆಂಗಳೂರು ಎಂದು ಹುಡುಕಿದರೆ ಅಲ್ಲಿನ ಮೆಟಲ್ ತಂಡವೂ ಸಿಗುತ್ತದೆ, ಎಲೆಕ್ಟ್ರಾನಿಕ್ ಕಲಾವಿದರೂ ಸಿಗುತ್ತಾರೆ. ಘರಾನೆಗಳಿಗೆ ಗ್ವಾಲಿಯರ್, ಕಿರಾನಾ ಎಂದು ಊರ ಹೆಸರಿಟ್ಟ ನಮಗೆ ಇದು ಹೊಸದೇನಲ್ಲ.

ಯಂತ್ರ ಇಟ್ಟ ಹೆಸರು

• ಹಾಡುಗಳನ್ನು ವಿಶ್ಲೇಷಿಸುವ 'ಎಕೋ ನೆಸ್ಟ್' ಎಂಬ ಕಂಪನಿಯನ್ನು ಹಾಡು ಕೇಳಿಸುವ ತಾಣ 'ಸ್ಪಾಟಿಫೈ' 2014ರಲ್ಲಿ ಕೊಂಡಿತು. ಅಲ್ಲಿನ ಗ್ಲೆನ್ ಮ್ಯಾಕ್‌ಡೊನಾಲ್ಡ್ ಕಟ್ಟಿದ 'ಎವ್ರಿ ನಾಯ್ಸ್ ಅಟ್ ಒನ್ಸ್' ನಕ್ಷೆಯಲ್ಲಿ 2023ರ ಹೊತ್ತಿಗೆ 6,000ಕ್ಕೂ ಹೆಚ್ಚು ಪ್ರಕಾರಗಳಿದ್ದವು. ಎಂಬತ್ತರಿಂದ ಆರು ಸಾವಿರಕ್ಕೆ! ಅದೇ ವರ್ಷದ ಡಿಸೆಂಬರಿನಲ್ಲಿ ಸ್ಪಾಟಿಫೈ ನೌಕರಿ ಕಡಿತದಲ್ಲಿ ಅವರ ಕೆಲಸ ಹೋಯಿತು. ನಕ್ಷೆಯ ಬೆಳವಣಿಗೆ ಅಲ್ಲಿಗೆ ನಿಂತಿತು.

• ಸ್ಪಾಟಿಫೈನ ವರ್ಷಾಂತ್ಯದ 'ರ‍್ಯಾಪ್ಡ್' ಲೆಕ್ಕದಲ್ಲಿ 'ಎಸ್ಕೇಪ್ ರೂಮ್', 'ಬಬಲ್‌ಗ್ರಂಜ್', 'ಸ್ಟಾಂಪ್ ಅಂಡ್ ಹಾಲರ್' ಎಂಬ ಹೆಸರುಗಳನ್ನು ಕಂಡು ಕೇಳುಗರು ಬೆರಗಾದರು. ಯಾರು ಯಾರ ಹಾಡನ್ನು ಒಟ್ಟಿಗೆ ಕೇಳುತ್ತಾರೆಂಬ ಲೆಕ್ಕದಿಂದ ಗುಂಪು ಮೊದಲು ಸಿಗುತ್ತದೆ, ಹೆಸರು ನಂತರ ಇಡುತ್ತಾರೆ. ಹೀಗಾಗಿ ತಾವು ಯಾವ ಪ್ರಕಾರದ ಅಭಿಮಾನಿಗಳೆಂದು ಜನ ಯಂತ್ರದಿಂದ ತಿಳಿದರು.

• ಆ ನಕ್ಷೆಯಲ್ಲಿ ಕನ್ನಡ ಚಿತ್ರಗೀತೆಗೆ ಸಿಕ್ಕ ಹೆಸರು 'ಸ್ಯಾಂಡಲ್‌ವುಡ್'. ಚಿತ್ರೋದ್ಯಮದ ಅಡ್ಡಹೆಸರೇ ಸಂಗೀತ ಪ್ರಕಾರವಾಯಿತು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಹಂಸಲೇಖ ಮೂರು ಬೇರೆ ಬೇರೆ ನಾದಲೋಕಗಳೆಂದು ಕನ್ನಡದ ಕಿವಿಗೆ ಗೊತ್ತು. ಒಂದೇ ಪದದಲ್ಲಿ ಆ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ.

• ಗಣಕಕ್ಕೆ ಸಂಗೀತ ಗುರುತಿಸಲು ಕಲಿಸುವ ಸಂಶೋಧನೆಯಲ್ಲಿ ಬಹುಕಾಲ ಬಳಕೆಯಾದ ಪಾಠಪುಸ್ತಕ 'ಜಿಟಿಝಾನ್' ಸಂಗ್ರಹ. 10 ಪ್ರಕಾರ, ಪ್ರತಿಯೊಂದಕ್ಕೂ 30 ಸೆಕೆಂಡಿನ 100 ತುಣುಕು. ಅದರಲ್ಲಿ ಒಂದೇ ತುಣುಕು ಎರಡು ಸಲ ಇರುವುದನ್ನೂ ತಪ್ಪು ಹಣೆಪಟ್ಟಿಗಳನ್ನೂ ಬಾಬ್ ಸ್ಟರ್ಮ್ ಎಂಬ ಸಂಶೋಧಕರು ಹತ್ತು ವರ್ಷದ ಮೇಲೆ ಎತ್ತಿತೋರಿಸಿದರು. ಗುರು ತಪ್ಪು ಹೇಳಿಕೊಟ್ಟರೆ ಯಂತ್ರವೂ ತಪ್ಪೇ ಕಲಿಯುತ್ತದೆ.

• 2019ರ ಆಗಸ್ಟ್‌ನಲ್ಲಿ ಸ್ಪಾಟಿಫೈ 'ಹೈಪರ್‌ಪಾಪ್' ಎಂಬ ಹಾಡುಪಟ್ಟಿ ಆರಂಭಿಸಿತು. '100 ಗೆಕ್ಸ್' ಜೋಡಿಯ ಅಬ್ಬರದ ಯಶಸ್ಸು ಅದಕ್ಕೆ ಪ್ರೇರಣೆ. ಮೊದಲು ಅಂಚಿನಲ್ಲಿದ್ದ ಪದ ಒಂದು ಪಟ್ಟಿಯಿಂದ ಮನೆಮಾತಾಯಿತು. ಆ ಪಟ್ಟಿಯಲ್ಲಿ ಜಾಗ ಸಿಕ್ಕ ಹಲವು ಕಲಾವಿದರಿಗೆ ಹೆಸರು ಇಷ್ಟವಿರಲಿಲ್ಲ. ಜಾಗ ಬಿಟ್ಟರೆ ಕೇಳುಗರು ಹೋಗುತ್ತಾರೆ, ಒಪ್ಪಿದರೆ ಹಣೆಪಟ್ಟಿ ಅಂಟುತ್ತದೆ.

• 1996ರ ಆ ಎಂಬತ್ತರ ಪಟ್ಟಿಯಲ್ಲಿ 71ನೇ ಸಂಖ್ಯೆ 'ಲೋಫೈ'. ಆಗ ಅದಕ್ಕೆ ಅಗ್ಗದ ಸಾಧನದಲ್ಲಿ ಮುದ್ರಿಸಿದ ಒರಟು ಧ್ವನಿ ಎಂಬ ಅರ್ಥವಿತ್ತು. ಇಂದು ಲೋಫೈ ಎಂದರೆ ಓದುವಾಗ ಹಿನ್ನೆಲೆಯಲ್ಲಿ ಹರಿಯುವ ಮೆಲುಲಯ. ಈ ಬದಲಾವಣೆಗೆ ದೊಡ್ಡ ಕಾರಣ ಫ್ರಾನ್ಸಿನ ಯೂಟ್ಯೂಬ್ ವಾಹಿನಿ 'ಲೋಫೈ ಗರ್ಲ್'. 2022ರ ಜುಲೈನಲ್ಲಿ ಸುಳ್ಳು ಹಕ್ಕುಸ್ವಾಮ್ಯ ದೂರಿನಿಂದ ಅದರ ಪ್ರಸಾರ ನಿಂತಾಗ ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಕಂಗಾಲಾಗಿದ್ದರು.

• ಆ ಲೋಫೈ ಲಯಕ್ಕೆ ಪಿತಾಮಹರೆನಿಸಿದ ಇಬ್ಬರು ಡೆಟ್ರಾಯ್ಟ್‌ನ ಜೆ ಡಿಲ್ಲಾ ಮತ್ತು ಟೋಕಿಯೋದ ನುಜಾಬೆಸ್. ಇಬ್ಬರೂ ಹುಟ್ಟಿದ್ದು ಒಂದೇ ದಿನ, 1974ರ ಫೆಬ್ರುವರಿ 7. ಡಿಲ್ಲಾ 2006ರಲ್ಲಿ, ನುಜಾಬೆಸ್ 2010ರಲ್ಲಿ ತೀರಿಕೊಂಡರು. ತಮ್ಮ ಸಂಗೀತ ಲಕ್ಷಾಂತರ ಓದುಕೋಣೆಗಳ ಉಸಿರಾಗುವುದನ್ನು ಇಬ್ಬರೂ ಕಾಣಲಿಲ್ಲ.

• ಮರಿಯಾ ತಾಕೆಉಚಿ ಹಾಡಿದ 'ಪ್ಲಾಸ್ಟಿಕ್ ಲವ್' 1984ರ ಜಪಾನಿ ಗೀತೆ. 2017ರಲ್ಲಿ ಯಾರೋ ಯೂಟ್ಯೂಬಿಗೆ ಏರಿಸಿದರು, ಯೂಟ್ಯೂಬ್ ಅದನ್ನು ಜಗತ್ತಿಗೆಲ್ಲ ಶಿಫಾರಸು ಮಾಡಿತು. ಜಪಾನಿನಲ್ಲೇ ಹಳತಾಗಿದ್ದ 'ಸಿಟಿ ಪಾಪ್' ಎಂಬ ಆ ಪ್ರಕಾರದ ಹೆಸರನ್ನು, ಗೀತೆ ಬಂದಾಗ ಹುಟ್ಟಿರದ ಮಕ್ಕಳು ಈಗ ಪ್ರೀತಿಯಿಂದ ಹೇಳುತ್ತಾರೆ.

• ಹಾಡನ್ನು ವೇಗವಾಗಿ ಓಡಿಸಿದರೆ 'ನೈಟ್‌ಕೋರ್'. ನಾರ್ವೆಯ ಇಬ್ಬರು ವಿದ್ಯಾರ್ಥಿಗಳು 2000ದ ದಶಕದ ಆರಂಭದಲ್ಲಿ ಶಾಲೆಯ ಕೆಲಸಕ್ಕಾಗಿ ಕಟ್ಟಿದ ಜೋಡಿಯ ಹೆಸರದು, ನಂತರ ಪ್ರಕಾರದ ಹೆಸರಾಯಿತು. ನಿಧಾನಗೊಳಿಸಿ ಗುಂಗು ಬೆರೆಸಿದರೆ 'ಸ್ಲೋಡ್ ಅಂಡ್ ರಿವರ್ಬ್'. ಇದರ ಬೇರು ಹ್ಯೂಸ್ಟನ್ನಿನ ಡಿಜೆ ಸ್ಕ್ರೂ ತೊಂಬತ್ತರ ದಶಕದಲ್ಲಿ ಮಾಡಿದ ಕ್ಯಾಸೆಟ್ಟುಗಳಲ್ಲಿದೆ. ನಮ್ಮ ಚಿತ್ರಗೀತೆಗಳೂ ಇಂದು ಈ ಹಣೆಪಟ್ಟಿ ಹೊತ್ತು ಯೂಟ್ಯೂಬಿನಲ್ಲಿ ಸುತ್ತುತ್ತಿವೆ.

ಹೆಸರಿನ ಭಾರ

• 1949ರ ಜೂನ್ 25ರವರೆಗೆ 'ಬಿಲ್‌ಬೋರ್ಡ್' ಪತ್ರಿಕೆ ಕಪ್ಪು ಜನರ ಸಂಗೀತದ ಪಟ್ಟಿಯನ್ನು 'ರೇಸ್ ರೆಕಾರ್ಡ್ಸ್' ಎಂದೇ ಕರೆಯುತ್ತಿತ್ತು. ಅದನ್ನು ತೆಗೆದು 'ರಿದಮ್ ಅಂಡ್ ಬ್ಲೂಸ್' ಎಂಬ ಹೆಸರು ಸೂಚಿಸಿದ್ದು ಅಲ್ಲಿನ ವರದಿಗಾರ ಜೆರ್ರಿ ವೆಕ್ಸ್ಲರ್. ಹೆಸರು ಬದಲಾಯಿತು, ಬಣ್ಣದ ಗೋಡೆ ಅಷ್ಟು ಬೇಗ ಬೀಳಲಿಲ್ಲ.

• ಎಪ್ಪತ್ತು ವರ್ಷದ ಮೇಲೆ, 2019ರ ಮಾರ್ಚ್‌ನಲ್ಲಿ ಅದೇ ಪತ್ರಿಕೆ 'ಓಲ್ಡ್ ಟೌನ್ ರೋಡ್' ಹಾಡನ್ನು ತನ್ನ ಕಂಟ್ರಿ ಪಟ್ಟಿಯಿಂದ ತೆಗೆಯಿತು. ಕಂಟ್ರಿ ಸಂಗೀತದ ಅಂಶ ಸಾಲದು ಎಂಬುದು ಕಾರಣ. ಹಾಡಿದ್ದು ಅಟ್ಲಾಂಟಾದ ಕಪ್ಪು ಯುವಕ ಲಿಲ್ ನಾಸ್ ಎಕ್ಸ್, ಬೆಳೆಸಿದ್ದು ಟಿಕ್‌ಟಾಕ್. ಕಂಟ್ರಿ ಗಾಯಕ ಬಿಲ್ಲಿ ರೇ ಸೈರಸ್ ದನಿಗೂಡಿಸಿದರು. ಪ್ರಕಾರಭೇದವಿಲ್ಲದ ಮುಖ್ಯ ಪಟ್ಟಿಯಲ್ಲಿ ಆ ಹಾಡು 19 ವಾರ ಮೊದಲ ಸ್ಥಾನದಲ್ಲಿ ಕೂತು ಅದುವರೆಗಿನ ದಾಖಲೆ ಮುರಿಯಿತು.

• 2025ರಲ್ಲಿ ಬಿಯಾನ್ಸೆ 'ಕೌಬಾಯ್ ಕಾರ್ಟರ್'ಗಾಗಿ ಅತ್ಯುತ್ತಮ ಕಂಟ್ರಿ ಆಲ್ಬಂನ ಗ್ರ್ಯಾಮಿ ಪಡೆದ ಮೊದಲ ಕಪ್ಪು ಕಲಾವಿದೆಯಾದರು. ಕೆಲವೇ ತಿಂಗಳಲ್ಲಿ ಗ್ರ್ಯಾಮಿ ಸಂಸ್ಥೆ ಆ ವಿಭಾಗವನ್ನು 'ಸಮಕಾಲೀನ' ಮತ್ತು 'ಸಾಂಪ್ರದಾಯಿಕ' ಎಂದು ಎರಡು ಮಾಡಿತು.

• ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಪೊಲೀಸರಿಂದ ಹತರಾದ ಬೆನ್ನಿಗೇ, 2020ರ ಜೂನ್‌ನಲ್ಲಿ ಅಮೆರಿಕದ ಸಂಗೀತೋದ್ಯಮ 'ಅರ್ಬನ್' ಎಂಬ ಪದವನ್ನು ಕೈಬಿಡತೊಡಗಿತು. ಕಪ್ಪು ಕಲಾವಿದರ ಹಾಡುಗಳನ್ನೆಲ್ಲ ಒಂದೇ ಮೂಲೆಗೆ ತಳ್ಳುವ ಮಾತಾಗಿತ್ತು ಅದು. ಅದೇ ವರ್ಷದ ನವೆಂಬರಿನಲ್ಲಿ ಗ್ರ್ಯಾಮಿ ತನ್ನ 'ವರ್ಲ್ಡ್ ಮ್ಯೂಸಿಕ್' ವಿಭಾಗವನ್ನು 'ಗ್ಲೋಬಲ್ ಮ್ಯೂಸಿಕ್' ಎಂದು ಬದಲಿಸಿತು. ಲಂಡನ್ ಪಬ್ಬಿನಲ್ಲಿ ನಿಶ್ಚಯವಾದ ಹೆಸರನ್ನು ವಸಾಹತುಶಾಹಿ ವಾಸನೆಯಿದೆ ಎಂದು ಕೈಬಿಡಲು 33 ವರ್ಷ ಬೇಕಾಯಿತು.

• ಉಸ್ತಾದ್ ಝಾಕಿರ್ ಹುಸೇನರ ತಬಲಾ ಇದೆಲ್ಲಕ್ಕೂ ಸಾಕ್ಷಿ. ಅವರು ನುಡಿಸಿದ 'ಪ್ಲಾನೆಟ್ ಡ್ರಮ್'ಗೆ 1992ರಲ್ಲಿ 'ವರ್ಲ್ಡ್ ಮ್ಯೂಸಿಕ್' ಗ್ರ್ಯಾಮಿ, 'ಗ್ಲೋಬಲ್ ಡ್ರಮ್ ಪ್ರಾಜೆಕ್ಟ್'ಗೆ 2009ರಲ್ಲಿ 'ಸಮಕಾಲೀನ ವರ್ಲ್ಡ್ ಮ್ಯೂಸಿಕ್' ಗ್ರ್ಯಾಮಿ, 'ಶಕ್ತಿ' ತಂಡದ 'ದಿಸ್ ಮೊಮೆಂಟ್'ಗೆ 2024ರಲ್ಲಿ 'ಗ್ಲೋಬಲ್ ಮ್ಯೂಸಿಕ್' ಗ್ರ್ಯಾಮಿ. ಅದೇ ಬೆರಳು, ಅದೇ ವಾದ್ಯ, ಹಣೆಪಟ್ಟಿ ಮೂರು.

• ಬೆಂಗಳೂರಿನ ರಿಕಿ ಕೇಜ್ 2015ರಲ್ಲೂ 2022ರಲ್ಲೂ 'ನ್ಯೂ ಏಜ್' ವಿಭಾಗದಲ್ಲಿ ಗ್ರ್ಯಾಮಿ ಗೆದ್ದರು. ಮರುವರ್ಷವೇ ಆ ವಿಭಾಗದ ಹೆಸರಿಗೆ 'ಆಂಬಿಯೆಂಟ್' ಮತ್ತು 'ಚಾಂಟ್' ಸೇರಿಕೊಂಡವು. 2025ರಲ್ಲಿ ಚಂದ್ರಿಕಾ ಟಂಡನ್ ಅವರ ವೇದಮಂತ್ರಗಳ 'ತ್ರಿವೇಣಿ' ಗೆದ್ದದ್ದು ಇದೇ ವಿಭಾಗದಲ್ಲಿ.

• 'ಆಫ್ರೋಬೀಟ್' ಮತ್ತು 'ಆಫ್ರೋಬೀಟ್ಸ್' ಬೇರೆ ಬೇರೆ. ಮೊದಲನೆಯದು ನೈಜೀರಿಯಾದ ಫೆಲಾ ಕುಟಿ ಕಟ್ಟಿದ ದೀರ್ಘ, ರಾಜಕೀಯ ಸಂಗೀತ. ಎರಡನೆಯದು ಪಶ್ಚಿಮ ಆಫ್ರಿಕಾದ ಹೊಸ ಪಾಪ್. ಬಾಲದ ಒಂದಕ್ಷರದಲ್ಲಿ ಒಂದು ತಲೆಮಾರಿನ ಅಂತರವಿದೆ.

• ಸಂತ ಶಿಶುನಾಳ ಶರೀಫರು (1819–1889) ಹಾಡಿದ್ದು ತತ್ವಪದ. ಅದೇ ಪದಗಳು ಸಿ. ಅಶ್ವತ್ಥ್ ಕಂಠದಲ್ಲಿ ಸುಗಮ ಸಂಗೀತವಾದವು, ರಘು ದೀಕ್ಷಿತ್ ಗಿಟಾರಿನೊಂದಿಗೆ 'ಫೋಕ್ ರಾಕ್' ಎನಿಸಿ ಬ್ರಿಟನ್ನಿನ ವೇದಿಕೆಗಳನ್ನೂ ಏರಿದವು. ಪದ ಒಂದೇ, ಕಾಲಕಾಲಕ್ಕೆ ಅಂಗಿ ಬೇರೆ.

ಹೊಸದರಲ್ಲಿ ಹಳೆಯದು

• 2023ರ ಸೆಪ್ಟೆಂಬರಿನಲ್ಲಿ ಸ್ಪಾಟಿಫೈ ತಂದ 'ಡೇಲಿಸ್ಟ್' ದಿನಕ್ಕೆ ಹಲವು ಸಲ ಬದಲಾಗುತ್ತದೆ. ಮಂಗಳವಾರದ ಮಧ್ಯಾಹ್ನಕ್ಕೊಂದು ಹೆಸರು, ಶುಕ್ರವಾರದ ಸಂಜೆಗೆ ಇನ್ನೊಂದು. ಓದಿಗೆ, ನಿದ್ದೆಗೆ, ಓಟಕ್ಕೆ ಎಂದು ಪಟ್ಟಿಗಳು. ರಾಕೋ ಜಾಝೋ ಎಂಬುದಕ್ಕಿಂತ 'ಯಾವ ಹೊತ್ತಿಗೆ' ಎಂಬುದು ಮುಖ್ಯವಾಗುತ್ತಿದೆ. ಇದನ್ನು ಹೊಚ್ಚ ಹೊಸ ಸಂಗತಿ ಎನ್ನುತ್ತಾರೆ.

• ನಮ್ಮ ಅಜ್ಜಿಯರು ಹಾಡಿಗೆ ಹೆಸರಿಟ್ಟದ್ದು ಹೀಗೆಯೇ. ರಾಗಿ ಬೀಸುವಾಗ ಬೀಸುವ ಪದ, ಭತ್ತ ಕುಟ್ಟುವಾಗ ಕುಟ್ಟುವ ಪದ, ತೊಟ್ಟಿಲು ತೂಗುವಾಗ ಜೋಗುಳ, ಮದುವೆಗೆ ಸೋಬಾನೆ, ಕಣದಲ್ಲಿ ರಾಶಿ ಮಾಡುವಾಗ ಹಂತಿ ಪದ. ಗೀಗೀ ಪದಕ್ಕೆ ಹೆಸರು ಬಂದದ್ದು ಹಿಮ್ಮೇಳದವರು ಎತ್ತುವ ಸೊಲ್ಲಿನಿಂದ. ಆ ಹೆಸರುಗಳಲ್ಲಿ ಹಾಡುವವರ ಕೆಲಸ, ಹೊತ್ತು, ದನಿ ಮೂರೂ ಇವೆ.

• ಇಂದು ಅವೇ ಹಾಡುಗಳನ್ನು ಮೊಬೈಲಿನಲ್ಲಿ ಮುದ್ರಿಸಿ ಜಾಲಕ್ಕೆ ಏರಿಸುವಾಗ ಬಹಳಷ್ಟು ಮಂದಿ ತುಂಬುವ ಪದ ಒಂದೇ, 'ಫೋಕ್'. ತೊಂಬತ್ತಾರರ ಪಟ್ಟಿ ಜಾನಪದವನ್ನು ಹೊರಗಿಟ್ಟಿತು, ಈಗಿನ ಪಟ್ಟಿ ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟುತ್ತಿದೆ. ಆದರೆ ಈ ಸಲ ಪೆನ್ನು ನಮ್ಮ ಕೈಯಲ್ಲೇ ಇದೆ. ನಿಮ್ಮ ಮನೆಯ ಹಿರಿಯರ ಹಾಡನ್ನು ಏರಿಸುವ ಮುನ್ನ ಅವರನ್ನೇ ಕೇಳಿ, 'ಇದಕ್ಕೆ ನೀವು ಏನಂತೀರಿ?' ಎಂದು. ಅವರು ಹಂತಿ ಪದ ಎಂದರೆ ಹಂತಿ ಪದ ಎಂದೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಊರ ಹೆಸರನ್ನೂ ಸೇರಿಸಿ. ನಾಳೆ ಆ ಹೆಸರಿನಲ್ಲಿ ಹುಡುಕಿದವರಿಗೆ ಅದು ಸಿಗಬೇಕು.